ಪಾವಿನವನ ಹಾರ್ನು

ಭಟ್ಟಿಯ ಪಾವು ತುಂಬಿಕೊಂಡು
ಸುಂಕೇರಿ ಬಿಡುವಾಗ ಇನ್ನೂ ಕತ್ತಲೆ.
ಕಾಳಿ ಸೇತುವೆಯ ಕಡೆಯಿಂದ ಲಾರಿಗಳ ಸದ್ದು,
ಬುಟ್ಟಿಗೆ ಹೊದಿಸಿದ ನೀಲಿ ಪ್ಲಾಸ್ಟಿಕ್ಕಿನ ಒಳಮೈಗೆ ಬೆವರು.
ಹ್ಯಾಂಡಲಿನ ರಬ್ಬರ್ ಹಾರ್ನು ನನ್ನಪ್ಪನದು.
ಒತ್ತಿದರೆ ಬಾತುಕೋಳಿ ಬೈದಂತೆ, ಪೋಂಕ್.

ಕೋಡಿಬಾಗದಲ್ಲಿ ಬಲೆ ಒಣಹಾಕುವ ಕಂಬದ ಹತ್ತಿರ
ಸೋಮಿ ಹರಿಕಂತ್ರಳ ಮನೆ.
ಅಲ್ಲಿ ಎರಡನೇ ಸಲ ಒತ್ತಬೇಕಿರಲಿಲ್ಲ.
ಒಂದಕ್ಕೇ ವಿಠ್ಠು ಚಡ್ಡಿ ಎಳೆದುಕೊಳ್ಳುತ್ತ ಓಡಿಬರುತ್ತಿದ್ದ.
ಮೊದಲು ಹಾರ್ನು ಅವನ ಕೈಗೆ, ಆಮೇಲೆ ಪಾವು,
ಅದು ಕರಾರು.

ಮೂರೇ ದಿನದ ಜ್ವರ.

ಅಂದಿನಿಂದ ಆ ತಿರುವಿನಲ್ಲಿ ಇಳಿದುಬಿಡುತ್ತೇನೆ.
ಚೈನೂ ಸದ್ದು ಮಾಡದಂತೆ, ಕಳ್ಳನ ಹಾಗೆ
ಸೈಕಲ್ ತಳ್ಳಿಕೊಂಡು ಹದಿನೆಂಟು ಹೆಜ್ಜೆ.
ಇಗರ್ಜಿಯಲ್ಲಿ ಯಾರಿಗೂ ಹೇಳಲಿಲ್ಲ,
ಆದರೆ ಒಳಗೊಳಗೆ, ನಿಜ ಹೇಳುತ್ತೇನೆ,
ನನಗೆ ನನ್ನ ಮೇಲೆ ಸ್ವಲ್ಪ ಮೆಚ್ಚುಗೆಯಿತ್ತು.

ಬಾಯಲ್ಲಿ ಮಾತಿರಲಿಲ್ಲವೆಂದಲ್ಲ.
ದೇವರ ಚಿತ್ತ, ಕೊಟ್ಟವನೇ ಕರೆದುಕೊಂಡ...
ನನ್ನ ತಂಗಿ ರೆಜಿನಾ ತೀರಿಕೊಂಡಾಗ
ಇದನ್ನೆಲ್ಲ ಹೇಳಿದವರು ಚಾ ಕುಡಿದು ಎದ್ದು ಹೋದರು.
ಲಾಜರನ ಗೋರಿಯ ಮುಂದೆ ಯೇಸು ಅತ್ತ.
ಇನ್ನೊಂದು ಗಳಿಗೆಗೆ ಎಬ್ಬಿಸುತ್ತೇನೆಂದು ಗೊತ್ತಿದ್ದೂ
ಮೊದಲು ಅತ್ತ.
ನನಗೋ ಯಾರನ್ನೂ ಎಬ್ಬಿಸಲು ಬಾರದು,
ಬೆಳಿಗ್ಗೆ ಈ ಕೇರಿಯನ್ನು ಎಬ್ಬಿಸುವುದೊಂದು ಬಿಟ್ಟು.

ನಿನ್ನೆ ಸೋಮಿ ಕಂಬಕ್ಕೆ ಒರಗಿ ನಿಂತಿದ್ದಳು,
ತಲೆ ಬಾಚಿರಲಿಲ್ಲ, ಕೈಯಲ್ಲಿ ಚೀಲ.
"ಇನಾಸ, ನಮ್ಮನೆ ಮುಂದೆ ಮಾತ್ರ ನಿನ್ನ ಹಾರ್ನು ಯಾಕೆ ಮೂಗಾಯ್ತು?
ಅವ ಹೋದ ಅಂತ ನೀನೂ ಹೋದ್ಯಾ?
ಎಲ್ಲರೂ ಮೆಲ್ಲಗೆ ಮಾತಾಡ್ತ್ರು, ಮೆಲ್ಲಗೆ ನಡೀತ್ರು,
ಅವನ ಹೆಸರು ಸಹ ಯಾರೂ ಹೇಳೂದಿಲ್ಲ.
ಒತ್ತು ಮಾರಾಯ.
ಅವನಿಗೆ ಒತ್ತಿದ ಹಾಗೇ ಒತ್ತು."

ಒತ್ತಿದೆ.
ಆಚೆಮನೆಯ ನಾಯಿ ಬೊಗಳಿತು.
ಅವಳು ಅಲ್ಲೇ ಮರಳಿನಲ್ಲಿ ಕೂತುಬಿಟ್ಟಳು.
ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ನಾನೂ ಕೂತೆ.
ವಿಠ್ಠು, ಅಂದೆ. ಬೇರೇನೂ ಬರಲಿಲ್ಲ.
ವಿಠ್ಠು, ಅಂದಳು.
ಅವಳ ಅಳು ದೊಡ್ಡದಿತ್ತು, ನನ್ನದು ಸಣ್ಣದು,
ಎರಡನ್ನೂ ಯಾರೂ ತೂಗಲಿಲ್ಲ.

ಏಳುವಾಗ ಎಣಿಸಿ ಕೊಟ್ಟಳು ಆರು ಪಾವಿನ ದುಡ್ಡು.
ಮನೆಯಲ್ಲಿ ಈಗ ಐದೇ ಜನ.
ಆರು ಹಾಕಿದೆ ಚೀಲಕ್ಕೆ.

ಬಾಡದಲ್ಲಿ ಪಾವು ತಡವಾಯಿತೆಂದು ಬೈದರು.