ಗೋಡೆಯ ಮೇಲಿನ ಗೆರೆ

ಕಲಬುರಗಿ ಗಂಜಿನಲ್ಲಿ ತೊಗರಿ ಸವಾಲು ಮುಗಿದು
ಹಮಾಲರು ಬೆನ್ನಿನ ಧೂಳು ಝಾಡಿಸಿಕೊಳ್ಳುವ ಹೊತ್ತಿಗೆ
ಚಂದ್ರಶಾ ಮುನೀಮರು ಅಮೆರಿಕಾ ಬಿಚ್ಚುತ್ತಾರೆ.

ಅಂದರೆ ನಿನ್ನೆಯ ಪೇಪರು.
ಇವತ್ತಿನದು ಸೇಠಜಿ ಕೈಯಿಂದ ಇಳಿಯುವುದು ನಾಳೆಗೆ.

"ಮತ್ತ ಏರಿಸ್ಯಾರ ನೋಡಪಾ" ಅನ್ನುತ್ತಾರೆ,
ಚಷ್ಮಾದ ಕಾಲಿಗೆ ಕಟ್ಟಿದ ದಾರ ಸರಿಮಾಡುತ್ತ,
ಸ್ವಂತ ಸೋದರಳಿಯ ಇಸ್ಪೀಟಿನಲ್ಲಿ ಸೋತು ಬಂದ ಹಾಗೆ.
"ಸಾಲಕ್ಕ ಮಿತಿ ಅಂತ ತಾವ ಗೆರಿ ಹೊಡಿತಾರ,
ಸಾಲ ಹೋಗಿ ಗೆರಿ ಮುಟ್ತದ,
ಗೆರಿ ಒರಸಿ ಮ್ಯಾಲ ಹೊಡಿತಾರ.
ಇದಕ್ಕ ಮಿತಿ ಅನಬ್ಯಾಡ,
ನಿಚ್ಚಣಿಕಿ ಅನ್ನು."

ನಾನು ಅವರ ಕೆಂಪು ಬಟ್ಟೆಯ ಕಿರ್ದಿಗಳನ್ನು
ಕಂಪ್ಯೂಟರಿಗೆ ಏರಿಸಲು ಬಂದ ಹುಡುಗ.
ಕೇಳುತ್ತ ಶೇಂಗಾ ಸುಲಿಯುತ್ತೇನೆ.

"ಆನಿ ಗುರ್ತಿನವರು ಬಂದರೂ ಅಷ್ಟ,
ಕತ್ತಿ ಗುರ್ತಿನವರು ಬಂದರೂ ಅಷ್ಟ,
ಇಬ್ಬರದೂ ಗ್ವಾದಲಿ ಒಂದ.
ಒಬ್ಬಾಂವ ತೆರಿಗಿ ಇಳಸ್ತೀನಿ ಅಂತಾನ, ಖರ್ಚು ಇಳಸಂಗಿಲ್ಲ.
ಇನ್ನೊಬ್ಬಾಂವ ಎಲ್ಲಾರಿಗೂ ಕೊಡ್ತೀನಿ ಅಂತಾನ,
ಯಾರ ಕಿಸೇದಾಗಿಂದು ಅಂತ ಬಾಯಿ ಬಿಡಂಗಿಲ್ಲ.
ಸಮುದ್ರದಾಚಿ ಲಡಾಯಿ ಮಾಡಿ
ಬಿಲ್ಲು ಹುಟ್ಟಲಾರದ ಮೊಮ್ಮಕ್ಕಳ ಹೆಸರೀಲೆ ಬರಸ್ತಾರ."

ಅವರದು ಹಳೆಯ ಧರ್ಮ:
ಜಮೆ ಎಡಕ್ಕೆ, ಖರ್ಚು ಬಲಕ್ಕೆ,
ಶಿಲ್ಕು ನೋಡದೆ ಅರ್ಧ ಚಹಾ ಕೂಡ ತರಿಸುವುದಿಲ್ಲ.
ಆ ದೇಶದ ಹಿರಿಯರ ಮೇಲೆ ಮಾತ್ರ
ಹೇಳಲಾಗದಂಥ ಒಂದು ಮೋಹ.
ಸರ್ಕಾರ ಸಣ್ಣದಿರಲಿ, ಮಾತು ಗಟ್ಟಿ ಇರಲಿ
ಅಂತಿದ್ದರಂತೆ ಅವರು.
"ಈಗ ಉಲ್ಟಾ" ಎಂದು ಪೇಪರನ್ನು ಮಡಚುತ್ತಾರೆ,
ಶೋಕದ ಮನೆಯ ಚಾಪೆ ಮಡಚಿದ ಹಾಗೆ.

ಒಂದು ಸಂಜೆ ನಾನು ನಕ್ಕುಬಿಟ್ಟೆ.
"ಅವರ ಸಾಲ ಅವರ ತಲಿಬ್ಯಾನಿ, ಮುನೀಮರೆ.
ಈ ಗಂಜಿನ ತೊಗರಿಗೆ ವಾಷಿಂಗ್ಟನ್ ಏನಾಗಬೇಕು?"

ಉತ್ತರ ಕೊಡಲಿಲ್ಲ. ಎದ್ದರು.
ಎಡಗಾಲು ಎಳೆಯುತ್ತ ಮೂರನೆಯ ಗೋದಾಮಿನ ಕೀಲಿ ತೆಗೆದರು.

ಒಳಗೆ ಗೋಡೆಯ ಮೇಲೆ ಗೇರು ಬಣ್ಣದ ಗೆರೆ,
ಹದಿನಾರು ಚೀಲದ ಎತ್ತರಕ್ಕೆ.
ಅದರ ಮೇಲೊಂದು, ಹದಿನೆಂಟಕ್ಕೆ.
ಅದರ ಮೇಲೆ, ಕತ್ತು ಎತ್ತಿದರೆ ಕಾಣುವಂತೆ, ಇಪ್ಪತ್ತೊಂದು.
ಪ್ರತಿ ಗೆರೆಯ ಪಕ್ಕ ತಾರೀಖು,
ದುಂಡಗಿನ ಅಕ್ಷರ,
ಕಿರ್ದಿಯಲ್ಲಿ ನಾನು ದಿನಾ ಓದುವ ಅದೇ ಅಕ್ಷರ.

"ಸುಗ್ಗಿ ಜೋರಿತ್ತು. ಸೇಠಜಿ ಅಂದ್ರು,
ಎರಡು ಚೀಲ ಹೆಚ್ಚಾದರ ಏನಾಗ್ತದ.
ಏನೂ ಆಗಲಿಲ್ಲ.
ಆ ಏನೂ ಆಗಲಿಲ್ಲ ಅನ್ನೂದದ ನೋಡು,
ಅದs ಕೆಟ್ಟದ್ದು.
ಮರುವರ್ಷ ಬ್ರಶ್ ಕೇಳಿ ಇಸಗೊಂಡಾಂವ ನಾನ."

ಇಪ್ಪತ್ತೊಂದರ ಮೇಲೆ ಗೆರೆಯಿಲ್ಲ.

ಹಮಾಲ ಲಾಡ್ಲೇಸಾಬ ಜಾರಿಬಿದ್ದ ಕೊಕ್ಕೆ ಹುಡುಕುತ್ತ
ಕೆಳಗೆ ಬಗ್ಗಿದ್ದನಂತೆ.
ಅಂಥ ದೊಡ್ಡ ಸದ್ದೇನೂ ಆಗಲಿಲ್ಲವಂತೆ,
ಯಾರೋ ಮೊರದಲ್ಲಿ ಬೇಳೆ ಕೇರಿದಷ್ಟೇ.
ಬಾಗಿಲ ಹತ್ತಿರ ನಿಂತು ಲೆಕ್ಕ ಬರೆಯುತ್ತಿದ್ದ ಮುನೀಮರಿಗೆ
ಹೋದದ್ದು ಒಂದು ಕಾಲಿನ ನೇರ.

ಆ ವರ್ಷದ ಕಿರ್ದಿ ನಾನೇ ಏರಿಸಿದ್ದು.
ಲಾಡ್ಲೇಸಾಬನ ಬಾಬ್ತು, ಸೇಠಜಿ ಕಡೆಯಿಂದ ಐದು ಸಾವಿರ, ಒಂದೇ ಸಲ.
ಆಮೇಲೆ ಪ್ರತಿ ತಿಂಗಳ ಒಂದನೇ ತಾರೀಖು
ಮುನೀಮರ ಪಗಾರದಿಂದ ಮುನ್ನೂರು,
ಹುಸೇನಬಿ ಹೆಸರಿಗೆ.
ಹತ್ತೊಂಬತ್ತು ವರ್ಷ. ಇನ್ನೂ ನಡೆದಿದೆ.
ಇದು ಸಾಲವೋ, ದಾನವೋ, ಯಾವ ಖಾತೆ ಎಂದು
ಕಂಪ್ಯೂಟರು ಕೇಳಿದಾಗ
ಖಾಲಿ ಬಿಟ್ಟು ಮುಂದೆ ಹೋಗಿದ್ದೆ.

ಇವತ್ತು ಮತ್ತೆ ಸವಾಲು ಮುಗಿದಿದೆ,
ಮತ್ತೆ ನಿನ್ನೆಯ ಪೇಪರು.
ಆ ದೇಶದ ಸಾಲದ ಅಂಕಿ ಅಂಕಣ ಸಾಲದೆ
ಎರಡನೆಯ ಸಾಲಿಗೆ ಇಳಿದಿದೆ.
ಪೆನ್ಸಿಲ್ ತುದಿಯಿಂದ ಒಂದೊಂದೇ ಸೊನ್ನೆ ಸರಿಸುತ್ತ
ಮುನೀಮರು ನಿಧಾನ ಎಣಿಸುತ್ತಾರೆ,
ಕೆಳಗೆ ಯಾರಾದರೂ ಬಗ್ಗಿದ್ದಾರೇನೋ
ಎಂದು ನೋಡುವವರ ಹಾಗೆ.