ಕಪ್ಪೆ ಲೆಕ್ಕ

ನಿಸರ್ಗ ಕೇಂದ್ರದ ಬಾಗಿಲಲ್ಲಿ ಸೀಮೆಸುಣ್ಣದ ಬರಹ:
ಇಂದು ಸಂಜೆ ಏಳಕ್ಕೆ ಕಪ್ಪೆ ಎಣಿಕೆ. ಉಚಿತ.
ಟಾರ್ಚು ತನ್ನಿ, ನಾಯಿ ಬೇಡ.
ಮಳೆ ಬಂದರೆ ಇನ್ನೂ ಒಳ್ಳೆಯದು.

ಮೆಲ್ಬರ್ನಿನ ಉತ್ತರಕ್ಕೆ, ಎರಡು ಟ್ರಾಮ್ ದಾರಿಗಳ ನಡುವೆ,
ಇಟ್ಟಿಗೆಗೆಂದು ಮಣ್ಣು ಅಗೆದು ಬಿಟ್ಟುಹೋದ ಗುಂಡಿ
ನೀರು ನಿಂತು, ಜೊಂಡು ಬೆಳೆದು,
ಮೆಲ್ಲಗೆ ಕೆರೆಯೆಂದು ಕರೆಸಿಕೊಂಡ ಜಾಗ.
ಆಚೆ ದಡದಲ್ಲಿ ಹೆದ್ದಾರಿ,
ಹಿಟ್ಟಿನ ಗಿರಣಿಯ ಹಾಗೆ, ರಜೆಯಿಲ್ಲದೆ.

ಬಂದವರು ಹನ್ನೊಂದು ಮಂದಿ.
ಇಬ್ಬರು ಗಂಡುಮಕ್ಕಳ ಕೈಹಿಡಿದ ಹೋದನ್;
ಟ್ರಾಮ್ ಓಡಿಸಿ ನಿವೃತ್ತನಾದ ಸ್ತಾವ್ರೋಸ್;
ಎರೆಗೊಬ್ಬರ ಕಲಿಯಲು ಬಂದ ಒಂದು ಜೋಡಿ
(ಅದು ನಾಳೆಯಂತೆ, ಆದರೂ ಉಳಿದರು);
ಮತ್ತೆ ನಾನು, ಲಿಫ್ಟ್ ರಿಪೇರಿಯವಳು.

ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗೆ ಅನ್ನುತ್ತೇವಲ್ಲ,
ಇಲ್ಲಿ ತಟ್ಟೆಯಿಂದ ಹಾರುವವರು ನಾವೇ.
ಒಬ್ಬರನ್ನು ಸುಮ್ಮನಾಗಿಸಿದರೆ ಇನ್ನೊಬ್ಬರಿಗೆ ಕೆಮ್ಮು,
ಹೋದನ್‌ಳ ಚಿಕ್ಕವನಿಗೆ ಅರ್ಜೆಂಟು ಉಚ್ಚೆ,
ಸ್ತಾವ್ರೋಸನ ಕೋಟಿನೊಳಗೆ ಚಿಪ್ಸ್ ಪೊಟ್ಟಣದ ಪರಪರ.
ಕಪ್ಪೆಗಳಾದರೋ ಕೂತಲ್ಲೇ ಕೂತಿದ್ದವು.

ಕೇಂದ್ರದ ಬ್ರಾನ್‌ವಿನ್,
ಮೊಣಕಾಲುದ್ದ ರಬ್ಬರ್ ಬೂಟಿನ ಸಣಕಲು ಹೆಂಗಸು,
ದನಿಗಳ ಪಾಠ ಹೇಳಿದಳು:
ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆದ ಹಾಗೆ, ಅದೊಂದು.
ತಂತಿ ಸಡಿಲಾದ ಬ್ಯಾಂಜೋ, ಇನ್ನೊಂದು.
"ಮೋಟಾರ್ ಬೈಕು ಗೇರ್ ಬದಲಿಸಿದಂತೆ ಕೇಳಿದರೆ
ನನ್ನ ತೋಳು ಹಿಡಿಯಿರಿ, ಮಾತಾಡಬೇಡಿ."
ಆ ಸಾಲಿನಲ್ಲಿ ಒಂಬತ್ತು ವರ್ಷದಿಂದ ಸೊನ್ನೆ.

"ಹಾಗಿದ್ದರೆ ಸಾಲನ್ನೇ ಹೊಡೆದುಹಾಕಿ," ಅಂದ ಸ್ತಾವ್ರೋಸ್.
"ಬರೆಯದೆ ಬಿಟ್ಟರೆ, ಕಪ್ಪೆ ಇರಲಿಲ್ಲವೋ
ನಾವು ಬಂದಿರಲಿಲ್ಲವೋ, ಯಾರಿಗೆ ತಿಳಿಯುತ್ತೆ?
ಸೊನ್ನೆಯನ್ನೂ ಬರೆಯಬೇಕು."

ನನ್ನದು ಕಿವಿಯ ಅನ್ನ.
ಇಪ್ಪತ್ತು ವರ್ಷ, ಬಾವಿಯಂಥ ಶಾಫ್ಟುಗಳಲ್ಲಿ ತಲೆಯೊಡ್ಡಿ
ಯಾವ ಬೇರಿಂಗ್ ಸವೆದಿದೆ, ಯಾವ ಹಗ್ಗ ನರಳುತ್ತಿದೆ ಹೇಳಿದವಳು.
ಸದ್ದೆಂದರೆ ದೋಷ. ಸದ್ದಿಲ್ಲವೆಂದರೆ ಎಲ್ಲ ಸರಿ,
ಸಹಿ ಹಾಕು, ಮನೆಗೆ ನಡೆ.
ಇಲ್ಲಿ ಒದ್ದೆ ಹಲಗೆಯ ಮೇಲೆ ಕುಕ್ಕರುಗಾಲಲ್ಲಿ ಕೂತು
ಆ ಲೆಕ್ಕವನ್ನು ಅಂಗಿಯ ಹಾಗೆ ಒಳಗುಹೊರಗು ಮಾಡಿಕೊಂಡೆ.

ಟಾರ್ಚುಗಳು ಆರಿದವು. ಮೂರು ನಿಮಿಷ.

ಮೊದಲು ಗಿರಣಿ ಮಾತ್ರ.
ಆಮೇಲೆ ಜೊಂಡಿನ ಬುಡದಲ್ಲಿ ಯಾರೋ ತಲೆ ಬಾಚಿಕೊಂಡರು,
ಕ್ರೀಂಕ್, ಕ್ರೀಂಕ್.
ಎಡಕ್ಕೆ, ಟೊಂಕ್.
ಬಲಕ್ಕೆ ಅದರ ಸಾಲಗಾರ, ಟೊಂಕ್.
ನಾಲ್ಕು, ಏಳು; ಬೆರಳು ಸಾಲದೆ
ಹೋದನ್‌ಳ ದೊಡ್ಡವನ ಬೆರಳು ಕಡ ತೆಗೆದುಕೊಂಡೆ.
ಅಂಚಿನಲ್ಲಿ ನನ್ನ ಲಿಪಿಯಲ್ಲೇ ಗೀಚಿದೆ: ಟೊಂಕ್.
ನೋಡಿದರೆ, ಅದರ ಹೊಟ್ಟೆಯೊಳಗೂ ಒಂದು ಸೊನ್ನೆ,
ತಂತಿ ಮಿಡಿದ ಮೇಲೂ ಉಳಿಯುವ ಗುಂಯ್ಯನ್ನು
ಅದೇ ಹೊತ್ತು ಕೂತಿತ್ತು.

ಆಗ ಕೇಳಿಸಿತು.
ಗುರ್ ಎಂದು ಹಿಡಿದು, ಇಳಿದು, ಮತ್ತೆ ಏರಿ, ಗೇರ್ ಬದಲಿಸಿ.
ಮೂರು ಕೈಗಳು ಬ್ರಾನ್‌ವಿನ್‌ಳ ತೋಳಿನ ಮೇಲೆ.
ಅವಳು ಅರ್ಧ ಎದ್ದವಳು ಅರ್ಧದಲ್ಲೇ ನಿಂತಳು,
ಬಾಯಿ ತುಸು ತೆರೆದು,
ಒಂಬತ್ತು ವರ್ಷ ಆ ಬಾಯಲ್ಲಿ ತುಂಬಿಕೊಂಡು.

ಸೇತುವೆ ಇಳಿದು ಬಂತು ಬೈಕು.
ಬೈಕೇ.
ಹಿಂದಿನ ಪೆಟ್ಟಿಗೆಯಲ್ಲಿ ಯಾರದೋ ಬಿಸಿ ಪಿಜ್ಜಾ.

ಮೊದಲು ನಕ್ಕವಳು ಅವಳೇ.
ಆ ನಗೆಗೆ ಇಡೀ ಕೆರೆ ಬಾಯಿ ಮುಚ್ಚಿತು.

ಕೇಂದ್ರದೊಳಗೆ, ಚಹಾ, ಒಣ ಬಿಸ್ಕತ್ತು, ಒದ್ದೆ ಕಾಲುಚೀಲದ ವಾಸನೆ.
ಕೊನೆಯ ಸಾಲು ತುಂಬುವ ಸರದಿ ಚಿಕ್ಕವನದು.
ನಾಲಿಗೆ ಹೊರಚಾಚಿ, ಚೌಕದ ಗೆರೆ ಮೀರಿ
ದೊಡ್ಡದೊಂದು ಸೊನ್ನೆ ಸುತ್ತಿದ.
ಆಮೇಲೆ, ಏನೆನ್ನಿಸಿತೋ,
ನಡುವೆ ಒಂದು ಕಪ್ಪು ಚುಕ್ಕಿ ಇಟ್ಟ,
ಕೆರೆಯಂಚಿನ ಲೋಳೆಯಲ್ಲಿ ಸಂಜೆ ತೋರಿಸಿದ್ದರಲ್ಲ, ಹಾಗೆ.

ಬ್ರಾನ್‌ವಿನ್ ರಬ್ಬರಿಗೆ ಕೈಹಾಕಿದಳು.
ಸ್ವಲ್ಪ ಹೊತ್ತು ನೋಡಿದಳು.
ಹಾಳೆಯನ್ನು ಹಾಗೇ ಫೈಲಿಗೆ ಸೇರಿಸಿದಳು.