ಈಜುಕೊಳ

ಮಲ್ಪೆಯವರು ನೀವು, ಉಪ್ಪು ಅಂಗಡಿಯಿಂದ ತರಬೇಡಿ
ಎಂದಿದ್ದರು ಲವೀನಾ ಟೀಚರ್.
ಸೋಡಾ ಬಾಟಲಿಯಲ್ಲಿ ಕಡಲನ್ನೇ ತುಂಬಿಸಿ ತಂದೆ,
ತಳದಲ್ಲಿ ಚಿಟಿಕೆ ಹೊಯಿಗೆ, ಮೇಲೆ ಬೋಟಿನ ಡೀಸೆಲ್ಲಿನ ಬಣ್ಣ.
ಸಾಲದೆಂದು ಕೊನೆಗೆ ಅವರೇ ಒಂದು ಹಿಡಿ ಕಲ್ಲುಪ್ಪು ಸುರಿದರು.

ಎರಡು ಪೆನ್ಸಿಲ್, ಎರಡೂ ತುದಿ ಕೆತ್ತಿ,
ಚೌಕ ಬ್ಯಾಟರಿಗೆ ತಂತಿ ಸುತ್ತಿ.
ಬೆಂಚಿನ ಸುತ್ತ ಮೂವತ್ತೊಂದು ತಲೆ.
ಋಣದ ಕಡೆ ಗುಳ್ಳೆಗಳ ಗಲಾಟೆ, ಜಲಜನಕ;
ಅರಿಶಿನದ ಕಾಗದ ಅಲ್ಲಿ ಕೆಂಪಾಯಿತು.
ಧನದ ಕಡೆ ಎಲ್ಲಾ ಸಂಕೋಚ
(ನಮ್ಮ ಮನೆಯ ಹಾಗೇ).
ಕ್ಲೋರೈಡು ತನ್ನ ಹೆಚ್ಚುವರಿ ಎಲೆಕ್ಟ್ರಾನನ್ನು
ಪೆನ್ಸಿಲಿಗೆ ಒಪ್ಪಿಸಿ, ಇನ್ನೊಂದರ ಕೈಹಿಡಿದು
ಜೋಡಿಯಾಗಿ ಏಳುತ್ತದೆ ಅಂದರು ಟೀಚರ್.
ಎದ್ದದ್ದರಲ್ಲೂ ಅರ್ಧ ನೀರೇ ಕುಡಿಯಿತು.

ಕಿಟಕಿ ತೆರೆಸಿದರು. ಮೂಗು ತರಬೇಡಿ, ಕೈಯಲ್ಲಿ ಬೀಸಿಕೊಳ್ಳಿ,
ಗಾಳಿಗಿಂತ ಎರಡೂವರೆ ಪಟ್ಟು ಭಾರ ಇದು,
ಹೋಗು ಅಂದರೂ ನೆಲ ಹಿಡಿದೇ ಹೋಗುತ್ತದೆ.
ಬಣ್ಣ ಹಳದಿ ಬೆರೆತ ಹಸಿರು ಅಂತ ಬರೆದುಕೊಂಡೆವು,
ಯಾರಿಗೂ ಕಾಣಲಿಲ್ಲ.
ಒದ್ದೆ ದಾಸವಾಳದ ಎಸಳು ಹಿಡಿದರೆ ಮಾತ್ರ
ಅಂಚಿನಿಂದ ಕೆಂಪು ಹಿಂದೆ ಸರಿಯಿತು, ಇಳಿತದ ಕಡಲಿನಂತೆ.

ವಾಸನೆ ಯಾವುದರ ಹಾಗಿದೆ?
ನೌಶಾದ್: ಪಂಚಾಯತಿನವರು ಪೌಡರ್ ಹಾಕಿದ ಬಾವಿ.
ಹಿಂದಿನ ಬೆಂಚು: ಆಸ್ಪತ್ರೆಯ ಕಕ್ಕಸು. ನಗು.
ನನ್ನ ಸರದಿ.
ನನಗೆ ಗೊತ್ತಿತ್ತು.
ಸಂಜೆ ಏಳರ ಬಸ್ಸಿಳಿದು ಬಂದು
ನನ್ನ ಕೆನ್ನೆ ಹಿಡಿಯುವ ಅಂಗೈ ಅದು,
ಎಟ್ಟಿ ಸುಲಿಯುವ ಶೆಡ್ಡಿನ ಬಾಗಿಲ ತೊಟ್ಟಿಯಲ್ಲಿ
ಹೋಗುವಾಗೊಮ್ಮೆ ಬರುವಾಗೊಮ್ಮೆ
ಮಣಿಕಟ್ಟಿನವರೆಗೆ ಅದ್ದಿದ್ದು.
ಈಜುಕೊಳ, ಟೀಚರ್, ಅಂದೆ.
ಈಜುಕೊಳ ನಾನು ಕಂಡಿರಲಿಲ್ಲ.
ವೆರಿಗುಡ್ ಅಂದರು.

ಶನಿವಾರ ರೇಷನ್ ಅಂಗಡಿಯಲ್ಲಿ
ಅಮ್ಮನ ಹೆಬ್ಬೆರಳಿನ ಗುರುತು ಯಂತ್ರಕ್ಕೆ ಹತ್ತಲಿಲ್ಲ.
ಒರಸಿ ಇಟ್ಟಳು. ಸೀರೆಗೆ ತಿಕ್ಕಿ ಇಟ್ಟಳು. ಎಡಗೈ ಇಟ್ಟಳು.
ಬೇಬಿ ಕುಂದರ್ ಎಂದು ಬಾಯಲ್ಲೂ ಹೇಳಿ ನೋಡಿದಳು,
ಯಂತ್ರಕ್ಕೆ.
ಹಿಂದೆ ಸಾಲು ಬೆಳೆಯಿತು.
ಆ ಬೆರಳನ್ನು ಬೆಳಕಿಗೆ ಹಿಡಿದೆ:
ಗೆರೆಗಳೆಲ್ಲ ಅಂಚಿಗೆ ಸರಿದು ನಡುವೆ ಬರೀ ಬಿಳಿ.
ನನ್ನದು ಇಡ್ತೇನೆ ಅಂದೆ. ತಕ್ಷಣ ಹತ್ತಿತು.

ಅಕ್ಕಿ ಹೊತ್ತು ಬರುವಾಗ ಕೇಳಿದಳು,
ಶಾಲೆಯಲ್ಲಿ ಏನು ಮಾಡಿಸಿದರು ಈ ವಾರ?
ಉಪ್ಪುನೀರಿಗೆ ಕರೆಂಟು ಕೊಟ್ಟೆವು.
ಮತ್ತೆ?
ಮತ್ತೇನಿಲ್ಲ.
ಚೀಲ ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಾಯಿಸಿ
ಖಾಲಿಯಾದ ಕೈಯನ್ನು ಮೂಸಿ ನೋಡಿಕೊಂಡಳು,
ಸೆರಗಿಗೆ ಒರಸಿಕೊಂಡಳು,
ನನ್ನ ಕಡೆ ಚಾಚಿದಳು.